ಸುಮ್ನೆ ಮಾಡಿಸಿದ ಎಕೋದಲ್ಲಿ ‘ಕೊರೊನರಿ ಸೈನಸ್ ದೊಡ್ಡದಾಗಿದೆ’ ಅಂತ ಬಂದಿದೆ. ಏನಿದು?

ಅರಸೀಕೆರೆ_ತೆಂಗು (ಜುಲೈ 2025)

ಎಲ್ಲರಿಗೂ ನಮಸ್ಕಾರ. ವಯಸ್ಸು 34. ಊರು ಅರಸೀಕೆರೆ ಹತ್ತಿರ, ಕೆಲಸ ಬೆಂಗಳೂರಲ್ಲಿ. ಬಿಪಿ, ಶುಗರ್ ಇಲ್ಲ. ಸಿಗರೇಟು ಇಲ್ಲ. ಎದೆನೋವು ಅಂತ ಒಂದು ದಿನವೂ ಅನ್ನಿಸಿಲ್ಲ. ಮತ್ತೆ ಎಕೋ (ಹೃದಯದ ಸ್ಕ್ಯಾನ್) ಯಾಕೆ ಮಾಡಿಸಿದೆ ಅಂದರೆ ಕಾರಣ ಅಮ್ಮ. ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನಾ ಬರುತ್ತಿದೆಯಲ್ಲ, ಅದನ್ನು ನೋಡಿ ದಿನಕ್ಕೆ ಮೂರು ಸಲ ಫೋನ್. ‘ಒಂದು ಸಲ ತೋರಿಸಿಬಿಡು ಮಗ, ನನಗೆ ನಿದ್ದೆ ಬರಲಿ’ ಅಂದರು. ಹೋದೆ. ಇಸಿಜಿ ಸರಿ ಇತ್ತು. ಎಕೋ ಶುರುವಾಯಿತು. ಐದು ನಿಮಿಷದಲ್ಲಿ ಮುಗಿಯಬೇಕಿದ್ದದ್ದು ಇಪ್ಪತ್ತು ನಿಮಿಷ ಆಯಿತು. ಟೆಕ್ನಿಷಿಯನ್ ಒಳಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದರು. ಇಬ್ಬರೂ ಸ್ಕ್ರೀನ್ ನೋಡುತ್ತಾ ಪಿಸುಗುಟ್ಟಿದರು. ‘ಮೊದಲೇ ಯಾರಾದರೂ ಏನಾದರೂ ಹೇಳಿದ್ದರಾ ನಿಮಗೆ?’ ಅಂತ ಕೇಳಿದರು. ಎದೆ ಸರಿ ಇದ್ದವನಿಗೆ ಆಗ ಡವಡವ ಶುರುವಾಯಿತು.

ರಿಪೋರ್ಟಿನಲ್ಲಿ ಇರುವುದು ಇಷ್ಟು: ಇಎಫ್ (ಹೃದಯ ಹಿಂಡುವ ಶಕ್ತಿ) 62%. ಕೋಣೆಗಳ ಅಳತೆ ನಾರ್ಮಲ್. ಟ್ರಿವಿಯಲ್ ಟಿಆರ್. ಡೈಲೇಟೆಡ್ ಕೊರೊನರಿ ಸೈನಸ್. ಪರ್ಸಿಸ್ಟೆಂಟ್ ಲೆಫ್ಟ್ ಎಸ್‌ವಿಸಿ ಇರಬಹುದು. ಬಬಲ್ ಕಾಂಟ್ರಾಸ್ಟ್ ಎಕೋ ಮಾಡಿಸಿ.

ಡಾಕ್ಟರ್ ‘ಹೆದರೋದು ಬೇಡ, ಮುಂದಿನ ವಾರ ಬನ್ನಿ’ ಅಂದರು. ಹೊರಗೆ ಎಂಬತ್ತು ಜನ ಕಾಯುತ್ತಿದ್ದರು, ಜಾಸ್ತಿ ಕೇಳುವುದಕ್ಕೂ ಆಗಲಿಲ್ಲ. ಅಮ್ಮನಿಗೆ ‘ನಾರ್ಮಲ್’ ಅಂತ ಸುಳ್ಳು ಹೇಳಿದ್ದೇನೆ. ಯಾರಿಗಾದರೂ ಇದರ ಬಗ್ಗೆ ಗೊತ್ತಾ?

ಸುಮ್ನೆ_ಓದುವವ

ಗುರುವೇ, ಇದಕ್ಕೇ ಹೇಳೋದು ಇರಲಾರದೆ ಇರುವೆ ಬಿಟ್ಟುಕೊಂಡರು ಅಂತ. ಚೆನ್ನಾಗಿದ್ದೆ. ಹೋಗಿ ಒಂದು ಹೆಸರು ಹಚ್ಚಿಸಿಕೊಂಡು ಬಂದೆ. ಈಗ ಆ ಟೆಸ್ಟು, ಆಮೇಲೆ ಇನ್ನೊಂದು ಟೆಸ್ಟು. 2021ರಲ್ಲಿ ಅಪ್ಪು ಹೋದಾಗಲೂ ಹೀಗೇ ಆಗಿತ್ತು, ಊರಿಗೆ ಊರೇ ಎದೆ ಹಿಡಿದುಕೊಂಡು ಆಸ್ಪತ್ರೆ ಮುಂದೆ ನಿಂತಿತ್ತು.

ಜೆಲ್_ಬಾಟಲಿ

ನಾನು ಎಕೋ ಟೆಕ್ನಿಷಿಯನ್, ಹನ್ನೊಂದು ವರ್ಷದಿಂದ ಇದೇ ಕೆಲಸ. ಡಾಕ್ಟರ್ ಅಲ್ಲ, ಹಾಗಾಗಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು. ಮೊದಲು ಪಿಸುಮಾತಿನ ವಿಷಯ. ಸಾರ್, ನಾವು ಪಿಸುಗುಟ್ಟುವುದು ಕಾಯಿಲೆ ದೊಡ್ಡದು ಅಂತ ಅಲ್ಲ. ದಿನಕ್ಕೆ ನಲವತ್ತು ಹೃದಯ ನೋಡಿ ನೋಡಿ ಕಣ್ಣು ಸೋತಿರುತ್ತದೆ. ಅಪರೂಪದ್ದು ಒಂದು ಕಂಡರೆ ನಮಗೂ ಒಂಥರಾ ಖುಷಿ. ಪೇಷಂಟ್ ಎದುರಿಗೆ ಖುಷಿ ಪಡಬಾರದು ಅಂತ ದನಿ ತಗ್ಗಿಸುತ್ತೇವೆ.

ಈಗ ನಿಮ್ಮ ವಿಷಯ. ಮೈಯಲ್ಲಿ ಓಡಾಡಿ ಬಂದ ಕೆಟ್ಟ ರಕ್ತ ಹೃದಯದ ಬಲ ಮೇಲ್ಕೋಣೆಗೆ ಬರುತ್ತದೆ. ತಲೆ ಮತ್ತು ಎರಡೂ ಕೈಗಳ ರಕ್ತ ಒಂದು ದೊಡ್ಡ ರಕ್ತನಾಳದಲ್ಲಿ ಮೇಲಿನಿಂದ ಇಳಿಯುತ್ತದೆ. ಅದು ಎಸ್‌ವಿಸಿ, ಬಲಗಡೆ ಇರುತ್ತದೆ. ತಾಯಿಯ ಹೊಟ್ಟೆಯಲ್ಲಿ ಪಿಂಡ ಬೆಳೆಯುವ ಶುರುವಿನಲ್ಲಿ ಇದು ಎಲ್ಲರಿಗೂ ಎರಡು ಇರುತ್ತದೆ, ಎಡಕ್ಕೊಂದು ಬಲಕ್ಕೊಂದು. ಎಡಗಡೆಯದು ಆಮೇಲೆ ಒಣಗಿ ಒಂದು ಎಳೆ ಮಾತ್ರ ಉಳಿಯುತ್ತದೆ. ಕೆಲವರಲ್ಲಿ ಒಣಗುವುದಿಲ್ಲ. ನೂರಕ್ಕೆ 0.3ರಿಂದ 0.5 ಜನರಲ್ಲಿ. ಅಂದರೆ ಇನ್ನೂರು ಮುನ್ನೂರು ಜನಕ್ಕೆ ಒಬ್ಬರು. ನಿಮ್ಮೂರ ಜಾತ್ರೆಯಲ್ಲೇ ಹತ್ತಿಪ್ಪತ್ತು ಜನ ಸಿಗಬಹುದು, ಅವರಿಗೆ ಗೊತ್ತಿರುವುದಿಲ್ಲ ಅಷ್ಟೇ.

ಕೊರೊನರಿ ಸೈನಸ್ ಅಂದರೆ ಹೃದಯದ ಮನೆಯ ಸ್ವಂತ ಚರಂಡಿ ಅಂದುಕೊಳ್ಳಿ. ಹೃದಯದ ಮಾಂಸಖಂಡ ತಾನು ಬಳಸಿದ ರಕ್ತವನ್ನು ಅದರಲ್ಲಿ ಬಿಡುತ್ತದೆ. ಎಡಗಡೆ ಉಳಿದುಕೊಂಡ ರಕ್ತನಾಳ ಸಾಮಾನ್ಯವಾಗಿ ಬಂದು ಸೇರುವುದು ಇದಕ್ಕೇ. ಪಕ್ಕದ ಬೀದಿಯ ನೀರನ್ನೆಲ್ಲ ತಂದು ಮನೆ ಚರಂಡಿಗೆ ತಿರುಗಿಸಿದರೆ ಏನಾಗುತ್ತೆ? ಅಗಲ ಆಗಲೇಬೇಕು. ಎಕೋದಲ್ಲಿ ನಮಗೆ ಕಾಣುವುದು ಆ ಅಗಲ.

ಅರಸೀಕೆರೆ_ತೆಂಗು

ಸಾರ್, ತುಂಬಾ ಥ್ಯಾಂಕ್ಸ್. ಚರಂಡಿ ಅಂದಿದ್ದಕ್ಕೆ ಬೇಜಾರಿಲ್ಲ. ಹಾಗಾದರೆ ಬಬಲ್ ಟೆಸ್ಟ್ ಯಾಕೆ?

ರಾತ್ರಿ_ಪಾಳಿ

ಕಾರ್ಡಿಯಾಲಜಿ ವಾರ್ಡಿನಲ್ಲಿ ಜೂನಿಯರ್ ಡಾಕ್ಟರ್ ನಾನು. ಇದು ಸಾಮಾನ್ಯ ಮಾಹಿತಿ, ನಿಮ್ಮನ್ನು ಪರೀಕ್ಷೆ ಮಾಡಿ ಹೇಳುತ್ತಿರುವುದಲ್ಲ.

ಕೊರೊನರಿ ಸೈನಸ್ ಅಗಲ ಆಗುವುದಕ್ಕೆ ಬೇರೆ ಕಾರಣಗಳೂ ಇವೆ. ಬಲ ಮೇಲ್ಕೋಣೆಯಲ್ಲಿ ಒತ್ತಡ ಜಾಸ್ತಿ ಆಗಿರಬಹುದು. ಶ್ವಾಸಕೋಶದಿಂದ ಬರುವ ರಕ್ತನಾಳ ದಾರಿ ತಪ್ಪಿ ಅಲ್ಲಿಗೆ ಬಂದು ಸೇರಿರಬಹುದು. ಸೈನಸ್ಸಿಗೂ ಎಡ ಮೇಲ್ಕೋಣೆಗೂ ನಡುವಿನ ಗೋಡೆಯೇ ಇಲ್ಲದಿರಬಹುದು. ನಿಮ್ಮ ರಿಪೋರ್ಟಿನಲ್ಲಿ ಕೋಣೆಗಳ ಅಳತೆ ನಾರ್ಮಲ್ ಇದೆ, ಹಾಗಾಗಿ ಈ ಮೂರೂ ಇರುವ ಸಾಧ್ಯತೆ ಕಡಿಮೆ. ಆದರೂ ಖಾತ್ರಿ ಮಾಡಿಕೊಳ್ಳಬೇಕು. ಇನ್ನೊಂದು ಮುಖ್ಯ ವಿಷಯ. ಎಡ ಎಸ್‌ವಿಸಿ ಇರುವವರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಅದು ಬಲಕ್ಕೆ ಸೇರುವ ಬದಲು ಎಡ ಮೇಲ್ಕೋಣೆಗೆ ಸೇರುತ್ತದೆ. ಹಾಗಿದ್ದರೆ ಕೈಯಿಂದ ಬಂದ ರಕ್ತ ಶ್ವಾಸಕೋಶದ ಜರಡಿ ದಾಟದೆ ನೇರವಾಗಿ ಮೆದುಳಿಗೆ ಹೋಗಬಹುದು. ಅದನ್ನು ಬಿಡುವ ಹಾಗಿಲ್ಲ.

ಬಬಲ್ ಟೆಸ್ಟ್ ಏನೂ ದೊಡ್ಡ ವಿಷಯವಲ್ಲ. ಒಂಬತ್ತು ಎಂಎಲ್ ಸಲೈನು, ಒಂದು ಎಂಎಲ್ ಗಾಳಿ. ಎರಡು ಸಿರಿಂಜು, ನಡುವೆ ಒಂದು ತ್ರೀ-ವೇ, ಅಂದರೆ ಮೂರು ಬಾಯಿಯ ಪುಟ್ಟ ನಲ್ಲಿ. ಅತ್ತಿಂದಿತ್ತ ಜೋರಾಗಿ ತಳ್ಳಿದರೆ ನೊರೆನೊರೆ ಆಗುತ್ತದೆ. ಅದನ್ನು ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ಗುಳ್ಳೆ ಎಕೋದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮೊದಲು ಯಾವ ಕೋಣೆ ಬೆಳ್ಳಗಾಯಿತು ಅಂತ ನೋಡುವುದಷ್ಟೇ ಕೆಲಸ. ಕೊರೊನರಿ ಸೈನಸ್ ಮೊದಲು ತುಂಬಿ ಆಮೇಲೆ ಬಲ ಮೇಲ್ಕೋಣೆ ತುಂಬಿದರೆ ಎಡ ಎಸ್‌ವಿಸಿ ಇದೆ ಅಂತ ಅರ್ಥ. ಎಡ ಮೇಲ್ಕೋಣೆ ಮೊದಲು ತುಂಬಿದರೆ ಆಗ ಯೋಚನೆ ಮಾಡಬೇಕು.

ಒಂದು ಮಾತು ಮರೆಯಬೇಡಿ. ಎಡಗೈಗೆ ಚುಚ್ಚಬೇಕು. ಅಭ್ಯಾಸಬಲದಿಂದ ಬಲಗೈಗೆ ಕ್ಯಾನುಲಾ ಹಾಕುವುದು ಸಾಮಾನ್ಯ. ಬಲಗೈಗೆ ಕೊಟ್ಟರೆ ಗುಳ್ಳೆ ಬಲಗಡೆಯ ಮಾಮೂಲಿ ದಾರಿಯಲ್ಲೇ ಬರುತ್ತದೆ, ಟೆಸ್ಟ್ ನಾರ್ಮಲ್ ಅಂತ ಕಾಣುತ್ತದೆ. ಬಲಗೈಯದು ಬೇಕಾದರೆ ಆಮೇಲೆ ಮಾಡಲಿ.

ಸುಮ್ನೆ_ಓದುವವ

ಸರಿ ಡಾಕ್ಟ್ರೇ, ಟೆಸ್ಟ್ ಮಾಡಿದಿರಿ, ಇದೆ ಅಂತ ಗೊತ್ತಾಯಿತು. ಆಮೇಲೆ? ಮಾತ್ರೆ ಇದೆಯಾ, ಆಪರೇಷನ್ ಇದೆಯಾ? ಏನೂ ಇಲ್ಲ ಅಂದಮೇಲೆ ತಿಳಿದುಕೊಂಡು ಏನು ಲಾಭ?

ರಾತ್ರಿ_ಪಾಳಿ

ಒಳ್ಳೆಯ ಪ್ರಶ್ನೆ. ಬಲಕ್ಕೆ ಸೇರಿದ್ದರೆ ಮಾತ್ರೆಯೂ ಇಲ್ಲ, ಆಪರೇಷನ್ನೂ ಇಲ್ಲ. ಆದರೆ ಇನ್ನು ಮೂವತ್ತು ವರ್ಷದ ಮೇಲೆ ಇವರಿಗೆ ಪೇಸ್‌ಮೇಕರ್ ಬೇಕಾಯಿತು ಅಂದುಕೊಳ್ಳಿ. ಅದನ್ನು ಹೆಚ್ಚಾಗಿ ಎಡ ಭುಜದ ಕೆಳಗೆ ಹಾಕುತ್ತಾರೆ. ವೈರ್ ತಳ್ಳಿದರೆ ಎಲ್ಲೋ ತಿರುಗಿ ಎಲ್ಲೋ ಹೋಗುತ್ತದೆ, ಹಾಕುವವರಿಗೆ ಬೆವರು ಇಳಿಯುತ್ತದೆ. ಐಸಿಯುನಲ್ಲಿ ಕತ್ತಿನ ಎಡಗಡೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಇಳಿಸುವ ಟ್ಯೂಬ್) ಹಾಕಿ ಎಕ್ಸ್‌ರೇ ತೆಗೆದರೂ ಅಷ್ಟೇ. ಟ್ಯೂಬ್ ಹೃದಯದ ಎಡ ಅಂಚಿನಲ್ಲಿ ಇಳಿದಿರುತ್ತದೆ, ರಕ್ತನಾಳ ಬಿಟ್ಟು ಬೇರೆಲ್ಲೋ ಹೋಗಿದೆ ಅಂತ ಎಲ್ಲರೂ ಗಾಬರಿ ಬೀಳುತ್ತಾರೆ. ಮೊದಲೇ ಗೊತ್ತಿದ್ದರೆ ಬಲಗಡೆಯಿಂದ ಹಾಕಿ ಮುಗಿಸುತ್ತಾರೆ. ಲಾಭ ಅಷ್ಟೇ, ಆದರೆ ಸಣ್ಣದಲ್ಲ.

ಗುಲ್ಬರ್ಗದ_ಬಿಸಿಲು

ನಾನು ಇಲ್ಲಿ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಪ್ರಶ್ನೆ ಕೇಳಿದ ತಮ್ಮನಿಗೆ ಹೆದರಿಸುವುದಕ್ಕಲ್ಲ. ನಮ್ಮ ಮನೆಯವರ ಕಥೆ ಬೇರೆಯದು.

ನನ್ನ ಹೆಂಡತಿಗೆ ಆಗ 38. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕಿತ್ತು. ಅರಿವಳಿಕೆ ಕೊಡುವ ಮೊದಲು ಫಿಟ್‌ನೆಸ್ ಅಂತ ಎಕೋ ಬರೆದರು. ಎರಡು ನಾರ್ಮಲ್ ಹೆರಿಗೆ ಆಗಿದೆ, ಹೊಲಕ್ಕೂ ಹೋಗುತ್ತಾಳೆ, ಏನು ಇರುತ್ತೆ ಅಂತ ನಾವು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ರಕ್ತ ಕಮ್ಮಿ ಅಂತ ಐದು ವರ್ಷದಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದಳು. ಎಕೋದಲ್ಲಿ ಬಂದಿದ್ದು: ‘ಬಲಭಾಗದ ಕೋಣೆಗಳು ಸ್ವಲ್ಪ ದೊಡ್ಡದಾಗಿವೆ. ರಂಧ್ರ ಕಾಣಲಿಲ್ಲ.’ ಅಲ್ಲಿಯ ಡಾಕ್ಟರ್ ರಂಧ್ರ ಇಲ್ಲ ಅಂದಮೇಲೆ ತೊಂದರೆ ಇಲ್ಲ ಅಂದರು. ಪಿತ್ತಕೋಶದ ಆಪರೇಷನ್ ಆಯಿತು, ಮನೆಗೆ ಬಂದೆವು. ಆ ಸಾಲನ್ನು ನಾವೂ ಮರೆತೆವು.

ಒಂದೂವರೆ ವರ್ಷ ಆದಮೇಲೆ ಬೇರೆ ಊರಲ್ಲಿ ಬೇರೆ ಡಾಕ್ಟರ್ ಆ ಹಳೆ ರಿಪೋರ್ಟ್ ನೋಡಿ ಒಂದೇ ಮಾತು ಕೇಳಿದರು. ‘ಬಲಗಡೆ ಸುಮ್ಮಸುಮ್ಮನೆ ದೊಡ್ಡದಾಗುವುದಿಲ್ಲ. ಯಾಕೆ ದೊಡ್ಡದಾಯಿತು ಅಂತ ಯಾರಾದರೂ ಹುಡುಕಿದರಾ?’ ಯಾರೂ ಹುಡುಕಿರಲಿಲ್ಲ. ಬಾಯಿಂದ ಟ್ಯೂಬ್ ಇಳಿಸಿ ಒಳಗಿನಿಂದ ನೋಡುವ ಎಕೋ ಮಾಡಿದರು, ಟಿಇಇ ಅಂತಾರೆ. ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ. ಅದರಲ್ಲಿ ರಂಧ್ರ ಸಿಕ್ಕಿತು. ಎರಡು ಮೇಲ್ಕೋಣೆಗಳ ನಡುವಿನ ಗೋಡೆಯ ತೀರಾ ಮೇಲ್ಭಾಗದಲ್ಲಿ, ಎಸ್‌ವಿಸಿ ಬಂದು ಸೇರುವ ಮೂಲೆಯಲ್ಲಿ. ಸೈನಸ್ ವೀನೋಸಸ್ ಅಂದರು. ಬಲ ಶ್ವಾಸಕೋಶದ ಒಂದು ರಕ್ತನಾಳವೂ ತಪ್ಪು ಕಡೆ ಬಂದು ಸೇರಿತ್ತು. ಆ ಮೂಲೆ ಎದೆ ಮೇಲಿನ ಎಕೋದಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ. ನಡುಗೋಡೆಯ ಮಧ್ಯದಲ್ಲಿ ರಂಧ್ರ ಇದ್ದಿದ್ದರೆ ತೊಡೆಯ ರಕ್ತನಾಳದಿಂದ ಹೋಗಿ ಕೊಡೆಯಂಥ ಮುಚ್ಚಳ ಕೂರಿಸಿಬಿಡುತ್ತಿದ್ದರು. ಇದಕ್ಕೆ ಅದು ಕೂರುವುದಿಲ್ಲ, ಎದೆ ತೆರೆಯಬೇಕು ಅಂದರು.

ತೆರೆದರು. ಆರೋಗ್ಯ ಕರ್ನಾಟಕದ ಕಾರ್ಡು ಇತ್ತು, ದೊಡ್ಡ ಖರ್ಚು ತಪ್ಪಿತು. ಮೂರು ತಿಂಗಳು ಬಿಂದಿಗೆ ಎತ್ತುವ ಹಾಗಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟ ಆಯಿತು, ನಾನು ನೀರು ತುಂಬಿಸಿದ್ದು ಓಣಿಯವರೆಲ್ಲ ನೋಡಿದರು. ಈಗ ಎರಡನೇ ಮಹಡಿಗೆ ನನಗಿಂತ ಮೊದಲು ಹತ್ತುತ್ತಾಳೆ.

ಒಂದೂವರೆ ವರ್ಷ ಕಳೆದದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ. ರಿಪೋರ್ಟಿನಲ್ಲಿ ಬರೆದಿತ್ತು. ಓದಿದವರು ಇರಲಿಲ್ಲ.

ಜೆಲ್_ಬಾಟಲಿ

ಅಣ್ಣಾ, ಇದನ್ನು ನಮ್ಮ ಹೊಸ ಹುಡುಗರಿಗೆ ಓದಿಸುತ್ತೇನೆ. ‘ರಂಧ್ರ ಕಾಣಲಿಲ್ಲ’ ಅನ್ನುವುದು ಬೇರೆ, ‘ರಂಧ್ರ ಇಲ್ಲ’ ಅನ್ನುವುದು ಬೇರೆ. ನಾವು ಬರೆಯುವುದು ಮೊದಲನೆಯದು, ಜನ ಕೇಳಿಸಿಕೊಳ್ಳುವುದು ಎರಡನೆಯದು.

ಈಗ ಎಲ್ಲ ಕಡೆ ಹೆಲ್ತ್ ಪ್ಯಾಕೇಜಿನಲ್ಲಿ ಕೊಡುವುದು ಸ್ಕ್ರೀನಿಂಗ್ ಎಕೋ. ಐದಾರು ನಿಮಿಷದ್ದು. ಹೃದಯ ಸರಿಯಾಗಿ ಹಿಂಡುತ್ತಾ, ಕವಾಟ ಜೋರಾಗಿ ಸೋರುತ್ತಾ, ಸುತ್ತ ನೀರು ತುಂಬಿದೆಯಾ, ಇಷ್ಟು ನೋಡುತ್ತೇವೆ. ಪೂರ್ತಿ ಎಕೋಗೆ ಅರ್ಧ ಗಂಟೆ ಬೇಕು. ಕತ್ತಿನ ಕೆಳಗಿನಿಂದ, ಹೊಟ್ಟೆಯ ಮೇಲಿನಿಂದ, ಎಲ್ಲ ಕೋನದಿಂದ ನೋಡಬೇಕು. ಹಾಸನದ ಸುದ್ದಿ ಬಂದ ಮೇಲೆ ಬೆಂಗಳೂರು, ಮೈಸೂರಿನ ಜಯದೇವ ಮುಂದೆ ಜನ ಹೇಗೆ ಮುಗಿಬಿದ್ದರು ಅಂತ ಟಿವಿಯಲ್ಲಿ ನೀವೇ ನೋಡಿದ್ದೀರಿ. ಅಂಥ ದಿನ ಯಾವ ಊರಲ್ಲೇ ಆಗಲಿ ಯಾರೂ ಅರ್ಧ ಗಂಟೆ ಕೊಡುವುದಕ್ಕೆ ಆಗುವುದಿಲ್ಲ. ಪ್ರಶ್ನೆ ಕೇಳಿದ ಸಾರ್‌ಗೆ ಇಪ್ಪತ್ತು ನಿಮಿಷ ಕೊಟ್ಟ ಟೆಕ್ನಿಷಿಯನ್‌ಗೆ ಒಂದು ಕಾಫಿ ಕೊಡಿಸಿ.

ಸುಮ್ಮನೆ ಒಂದು ಅಡ್ಡಮಾತು. ಈ ಎಕೋ ಹುಟ್ಟಿದ್ದು ಸ್ವೀಡನ್ನಿನ ಲುಂಡ್ ಅನ್ನುವ ಊರಲ್ಲಿ, 1953ರಲ್ಲಿ. ಎಡ್ಲರ್ ಅಂತ ಒಬ್ಬ ಡಾಕ್ಟರ್, ಹರ್ಟ್ಜ್ ಅಂತ ಒಬ್ಬ ಭೌತವಿಜ್ಞಾನಿ. ಹಡಗು ಕಟ್ಟುವ ಕಡೆ ಲೋಹದಲ್ಲಿ ಬಿರುಕು ಹುಡುಕುವ ಮೆಷಿನ್ ಇತ್ತು, ಅದನ್ನು ಎರವಲು ತಂದು ಎದೆಗೆ ಹಿಡಿದು ನೋಡಿದರು. ಕಬ್ಬಿಣದಲ್ಲಿ ಬಿರುಕು ನೋಡುತ್ತಿದ್ದ ಯಂತ್ರ. ನಾನು ಪ್ರೋಬ್ ಹಿಡಿದಾಗೆಲ್ಲ ನೆನಪಾಗುತ್ತದೆ.

ನೇತ್ರಾಣಿ_ಮೀನು

ಬಬಲ್ ಟೆಸ್ಟ್ ಮಾಡಿಸಿಕೊಂಡವನು ನಾನು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡುವ ಹುಚ್ಚು. ಡೈವಿಂಗ್ ಕಲಿಸುವ ಕೋರ್ಸಿಗೆ ಸೇರುವ ಮೊದಲು ತಪಾಸಣೆ ಮಾಡಿಸಿದೆ. ನನಗೆ ಸಿಕ್ಕಿದ್ದು ಪಿಎಫ್‌ಒ. ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲವಲ್ಲ, ಹಾಗಾಗಿ ರಕ್ತ ಶ್ವಾಸಕೋಶದ ಸುತ್ತು ಹಾಕದೆ ಬಲದಿಂದ ಎಡಕ್ಕೆ ದಾಟುವುದಕ್ಕೆ ಒಂದು ಕಿಟಕಿ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿ ಅಂಟಿಕೊಳ್ಳಬೇಕು. ನಾಲ್ಕು ಜನಕ್ಕೆ ಒಬ್ಬರಲ್ಲಿ ಅಂಟಿಕೊಳ್ಳುವುದಿಲ್ಲ. ನಾಲ್ಕಕ್ಕೆ ಒಬ್ಬರು! ಈ ಚರ್ಚೆ ಓದುತ್ತಿರುವವರಲ್ಲೇ ಎಷ್ಟು ಜನ ಇದ್ದೀರೋ.

ಟೆಸ್ಟಿನಲ್ಲಿ ನೋವಿಲ್ಲ. ನೊರೆ ಒಳಗೆ ಹೋದದ್ದು ಗೊತ್ತೂ ಆಗುವುದಿಲ್ಲ. ನಡುವೆ ‘ತಿಣುಕಿ, ಹಿಡಿದುಕೊಳ್ಳಿ, ಈಗ ಬಿಡಿ’ ಅನ್ನುತ್ತಾರೆ. ನರ್ಸ್, ಡಾಕ್ಟರ್ ಎಲ್ಲರ ಎದುರಿಗೆ ಮಲಗಿ ತಿಣುಕುವುದು ಸ್ವಲ್ಪ ನಾಚಿಕೆ. ನಾನು ಬಿಟ್ಟ ತಕ್ಷಣ ಎಡಗಡೆ ನಾಲ್ಕೈದು ಚುಕ್ಕಿ ಮಿನುಗಿದವು.

ಮುಚ್ಚಿಸಬೇಕಾ ಅಂತ ಕೇಳಿದೆ. ಬೇಡ ಅಂದರು. ಬೇರೆ ಕಾರಣ ಸಿಗದ ಪಾರ್ಶ್ವವಾಯು ಅರವತ್ತರೊಳಗಿನವರಿಗೆ ಆಗಿದ್ದರೆ ಮುಚ್ಚುವುದರಿಂದ ಉಪಯೋಗ ಇದೆ ಅಂತ 2017ರಲ್ಲಿ ಬಂದ ಅಧ್ಯಯನಗಳು ತೋರಿಸಿದವಂತೆ. ಸುಮ್ಮನೆ ಸಿಕ್ಕಿದ್ದನ್ನು ಮುಚ್ಚುವುದಿಲ್ಲ. ಆದರೆ ಡೈವ್ ಮಾಡುವವನಿಗೆ ಒಂದು ವಿಶೇಷ ತಲೆನೋವು ಇದೆ. ಆಳದಿಂದ ಮೇಲೆ ಬರುವಾಗ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಏಳುತ್ತವೆ. ಸಾಮಾನ್ಯವಾಗಿ ಶ್ವಾಸಕೋಶ ಸೋಸಿಬಿಡುತ್ತದೆ. ಕಿಟಕಿ ತೆರೆದಿದ್ದರೆ ಕೆಲವು ಆಚೆ ದಾಟಿ ಮೆದುಳಿಗೆ, ಬೆನ್ನುಹುರಿಗೆ ಹೋಗಬಹುದು. ಹಾಗಾಗಿ ಜಾಸ್ತಿ ಆಳ ಬೇಡ, ನಿಧಾನ ಮೇಲೆ ಬಾ, ದಿನಕ್ಕೆ ಒಂದೇ ಡೈವ್ ಅಂತ ಹೇಳಿದ್ದಾರೆ. ಕಲಿಸುವ ಕನಸು ಬಿಟ್ಟೆ. ಮೀನು ನೋಡುವುದು ಬಿಟ್ಟಿಲ್ಲ.

ಜಿಮ್_ಬಿಟ್ಟವ

ನನ್ನದು ಬೈಕಸ್ಪಿಡ್ ಕವಾಟ. ಹೃದಯದಿಂದ ಮಹಾಧಮನಿಗೆ ರಕ್ತ ಬಿಡುವ ಬಾಗಿಲಿಗೆ ಮೂರು ರೆಕ್ಕೆ ಇರಬೇಕು, ನನಗೆ ಎರಡು. ನೂರಕ್ಕೆ ಒಬ್ಬರಿಂದ ಇಬ್ಬರಿಗೆ ಇರುತ್ತದಂತೆ, ಗಂಡಸರಲ್ಲಿ ಜಾಸ್ತಿ. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ 41ನೇ ವಯಸ್ಸಿಗೆ ಗೊತ್ತಾಯಿತು. ಕವಾಟ ಸದ್ಯಕ್ಕೆ ಚೆನ್ನಾಗೇ ಕೆಲಸ ಮಾಡುತ್ತಿದೆ. ತಕರಾರು ಇರುವುದು ಅದರ ಮುಂದಿನ ಮಹಾಧಮನಿಯದು. 42 ಮಿಲಿಮೀಟರ್, ಸ್ವಲ್ಪ ಉಬ್ಬಿದೆ. ಈ ಕವಾಟ ಇರುವವರಲ್ಲಿ ಹಾಗಾಗುವುದು ಉಂಟಂತೆ.

ಇಲ್ಲಿ ಒಂದು ತಮಾಷೆ ಹೇಳಬೇಕು. ಮರುವರ್ಷ ಬೇರೆ ಕಡೆ ಎಕೋ ಮಾಡಿಸಿದೆ. 45 ಅಂತ ಬಂತು. ಒಂದು ವರ್ಷಕ್ಕೆ ಮೂರು ಮಿಲಿಮೀಟರ್! ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದೆ. ಸಾಮಾನ್ಯವಾಗಿ 55 ಮುಟ್ಟಿದರೆ ಆಪರೇಷನ್, ಬೇರೆ ಅಪಾಯ ಇದ್ದರೆ 50ಕ್ಕೇ. ಅಂದರೆ ನನಗೆ ಇನ್ನು ಎರಡೋ ಮೂರೋ ವರ್ಷ. ವಿಲ್ ಬರೆಯುವವರೆಗೆ ಹೋಗಿದ್ದೆ, ನಿಜವಾಗಿ. ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದರು. 42! ಬೆಳೆದೇ ಇರಲಿಲ್ಲ. ಒಬ್ಬರು ಗೋಡೆಯ ಒಳಗಿನಿಂದ ಅಳೆದಿದ್ದರು, ಇನ್ನೊಬ್ಬರು ಸ್ವಲ್ಪ ಓರೆಯಾಗಿ ಹೊರಗಿನಿಂದ. ಅದಕ್ಕೆ ಈಗ ಪ್ರತಿ ವರ್ಷ ಒಂದೇ ಕಡೆ ಹೋಗುತ್ತೇನೆ, ಹಳೆಯ ಸಿಡಿ ಜೊತೆಗೆ ಒಯ್ಯುತ್ತೇನೆ. ರಿಪೋರ್ಟ್ ಕಾಗದ ಸಾಲದು, ಚಿತ್ರ ಬೇಕು ಅಂತ ನನ್ನ ಡಾಕ್ಟರ್ ಹೇಳುತ್ತಾರೆ.

ಡಾಕ್ಟರ್ ‘ಅಣ್ಣತಮ್ಮಂದಿರಿಗೆ, ಮಕ್ಕಳಿಗೆ ಎಕೋ ಮಾಡಿಸಿ’ ಅಂದರು, ಮನೆತನದಲ್ಲಿ ಬರುತ್ತದಂತೆ. ಮಕ್ಕಳಿಬ್ಬರದ್ದೂ ಸರಿ ಇತ್ತು. ತಮ್ಮನಿಗೆ ಇತ್ತು. ಅವನು ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ, ನಾನೇ ಅಂಟಿಸಿದ ಹಾಗೆ.

ಉಸಿರು ಬಿಗಿಹಿಡಿದು ದೊಡ್ಡ ಭಾರ ಎತ್ತುವುದು ಬಿಟ್ಟಿದ್ದೇನೆ. ನಡಿಗೆ, ಸೈಕಲ್ ಇದೆ. ಬಿಪಿ ಹದ್ದುಬಸ್ತಿನಲ್ಲಿ ಇಟ್ಟಿದ್ದೇನೆ. ಹಲ್ಲು ಕೀಳಿಸುವ ಮೊದಲು ಆ್ಯಂಟಿಬಯಾಟಿಕ್ ಬೇಕೇ ಬೇಕು ಅಂತ ದಂತವೈದ್ಯರು ಪಟ್ಟು ಹಿಡಿದರು. ಹೃದಯದ ಡಾಕ್ಟರ್ ಬೇಡ ಅಂದರು. ಯಾರದು ಸರಿ?

ರಾತ್ರಿ_ಪಾಳಿ

ನಿಮ್ಮ ಹೃದಯದ ಡಾಕ್ಟರ್ ಹೇಳಿದ್ದು ಈಗಿನ ಪದ್ಧತಿ. ಮೊದಲು ಎಲ್ಲ ಕವಾಟದ ತೊಂದರೆಗೂ ಕೊಡುತ್ತಿದ್ದರು. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಆ ಪಟ್ಟಿಯನ್ನು ತುಂಬಾ ಚಿಕ್ಕದು ಮಾಡಿತು. ಕೃತಕ ಕವಾಟ ಇದ್ದವರು, ಹಿಂದೆ ಕವಾಟಕ್ಕೆ ಸೋಂಕು ತಗುಲಿದವರು, ಹುಟ್ಟಿನಿಂದ ಬಂದ ಕೆಲವು ಗಂಭೀರ ದೋಷ ಇರುವವರು, ಹೀಗೆ. ಬರೀ ಬೈಕಸ್ಪಿಡ್ ಅದರಲ್ಲಿ ಬರುವುದಿಲ್ಲ. ಆದರೆ ಹಲ್ಲು, ವಸಡು ಚೆನ್ನಾಗಿ ಇಟ್ಟುಕೊಳ್ಳುವುದು ನಿಮಗೆ ಬೇರೆಯವರಿಗಿಂತ ಮುಖ್ಯ.

ಪದ್ಮಾ_ಟೀಚರ್

ನಾನು ಸರ್ಕಾರಿ ಶಾಲೆಯಲ್ಲಿ ಇರುವವಳು, ರಾಯಚೂರು ಕಡೆ. ದೊಡ್ಡವರ ಹೆಲ್ತ್ ಪ್ಯಾಕೇಜ್ ನಮ್ಮ ಕಡೆ ಯಾರಿಗೂ ಇಲ್ಲ. ಆದರೆ ಶಾಲೆಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ ತಂಡ ಬರುತ್ತದೆ, ಮಕ್ಕಳ ಆರೋಗ್ಯ ತಪಾಸಣೆಗೆ ಅಂತ 2013ರಿಂದ ಇರುವ ಸರ್ಕಾರಿ ಯೋಜನೆ. ಹಲ್ಲು, ಕಣ್ಣು, ತೂಕ ನೋಡುತ್ತಾರೆ, ಸ್ಟೆತಸ್ಕೋಪ್ ಇಡುತ್ತಾರೆ. ಎಂಟನೇ ತರಗತಿಯ ಒಂದು ಹುಡುಗಿಯ ಎದೆಯಲ್ಲಿ ಡಾಕ್ಟರಿಗೆ ಏನೋ ಸದ್ದು ಕೇಳಿಸಿತು. ಖೋ ಖೋ ಆಡುವ ಹುಡುಗಿ, ಜಿಲ್ಲಾ ಮಟ್ಟಕ್ಕೆ ಹೋದವಳು. ಎಕೋ ಮಾಡಿಸಿದರೆ ಮೈಟ್ರಲ್ ಕವಾಟ ದಪ್ಪಗಾಗಿ ಸೋರುತ್ತಿತ್ತು. ಯಾವಾಗಲೋ ಗಂಟಲು ನೋವು ಬಂದು, ಜ್ವರ ಬಂದು, ಕೀಲು ನೋವು ಅಂತ ನಾಲ್ಕು ದಿನ ಶಾಲೆ ಬಿಟ್ಟಿದ್ದಳಂತೆ. ಅದೇ ರುಮ್ಯಾಟಿಕ್ ಜ್ವರ, ಗಂಟಲ ಸೋಂಕಿನ ಹಿಂದೆ ಬಂದು ಕವಾಟ ಕೆಡಿಸುವಂಥದು.

ಈಗ ಮೂರು ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್. ಸೊಂಟಕ್ಕೆ ಹಾಕುತ್ತಾರೆ, ತುಂಬಾ ನೋವು. ಆ ದಿನ ಬಂದರೆ ಹುಡುಗಿ ಶೌಚಾಲಯದ ಹಿಂದೆ ಬಚ್ಚಿಟ್ಟುಕೊಳ್ಳುತ್ತಾಳೆ. ನನ್ನ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ ಇಟ್ಟಿದ್ದೇನೆ, ನಾನೇ ಕರೆದುಕೊಂಡು ಹೋಗುತ್ತೇನೆ. ಎಷ್ಟು ವರ್ಷ ಅಂತ ಕೇಳುತ್ತಾಳೆ. ನನಗೆ ಹೇಳಲು ಬಾಯಿ ಬರುವುದಿಲ್ಲ. ನಿಜವಾಗಿ ಇದರಿಂದ ಉಪಯೋಗ ಆಗುತ್ತಾ ಡಾಕ್ಟ್ರೇ?

ರಾತ್ರಿ_ಪಾಳಿ

ಆಗುತ್ತದೆ ಟೀಚರ್. ಲಕ್ಷಣವೇ ಇಲ್ಲದೆ, ಎಕೋದಲ್ಲಿ ಮಾತ್ರ ಕವಾಟದ ದೋಷ ಕಂಡ ಮಕ್ಕಳ ಮೇಲೆ ಉಗಾಂಡಾದಲ್ಲಿ ಒಂದು ಅಧ್ಯಯನ ಮಾಡಿದ್ದರು, 2022ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಕವಾಟ ಇನ್ನಷ್ಟು ಕೆಟ್ಟಿದ್ದು 0.8% ಮಕ್ಕಳಿಗೆ. ತೆಗೆದುಕೊಳ್ಳದವರಲ್ಲಿ 8.2%. ನಿಮ್ಮ ಹುಡುಗಿಯದು ಅದಕ್ಕಿಂತ ಸ್ವಲ್ಪ ಮುಂದಿನ ಹಂತ ಅನ್ನಿಸುತ್ತದೆ, ಹಾಗಾಗಿ ಬಿಡುವ ಪ್ರಶ್ನೆಯೇ ಇಲ್ಲ. ನಿಮ್ಮ ಕೆಂಪು ಗುರುತು ಆ ಮಗುವಿಗೆ ಮುಂದೊಂದು ದಿನ ಬರಬಹುದಾದ ಆಪರೇಷನ್ ತಪ್ಪಿಸಬಹುದು.

ಸುಮ್ನೆ_ಓದುವವ

ಟೀಚರಮ್ಮನಿಗೆ ಕೈ ಮುಗಿದೆ. ಆದರೂ ನನ್ನ ಮೊದಲ ಮಾತು ಪೂರ್ತಿ ಹಿಂದೆ ತೆಗೆದುಕೊಳ್ಳುವುದಿಲ್ಲ. ನಮ್ಮ ಮಾವನಿಗೆ 67. ಎಕೋದಲ್ಲಿ ‘ಗ್ರೇಡ್ ಒನ್ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್, ಟ್ರಿವಿಯಲ್ ಟಿಆರ್’ ಅಂತ ಬಂತು. ಆವತ್ತಿನಿಂದ ಅವರು ಹೃದ್ರೋಗಿ. ಸಂತೆಗೆ ಹೋಗುವುದು ಬಿಟ್ಟರು, ಹೆಂಡತಿಯ ಕೈಲಿ ಸೇವೆ ಮಾಡಿಸಿಕೊಳ್ಳುತ್ತಾರೆ.

ರಾತ್ರಿ_ಪಾಳಿ

ಇದರಲ್ಲಿ ನಿಮ್ಮ ಮಾತು ನಿಜ. ಟ್ರಿವಿಯಲ್ ಟಿಆರ್ ಅಂದರೆ ಬಲಗಡೆ ಕವಾಟದಲ್ಲಿ ಒಂದು ತೊಟ್ಟು ಸೋರುವುದು, ಅದು ಆರೋಗ್ಯವಂತರಲ್ಲೇ ಬಹಳ ಜನರಿಗೆ ಇರುತ್ತದೆ. ಗ್ರೇಡ್ ಒನ್ ಅಂದರೆ ಹಿಂಡಿದ ಹೃದಯ ಮತ್ತೆ ಸಡಿಲ ಆಗುವುದು ಸ್ವಲ್ಪ ನಿಧಾನ ಅಂತ, ಅದು ಆ ವಯಸ್ಸಿನಲ್ಲಿ ತಲೆಕೂದಲು ನರೆತ ಹಾಗೆ. ಕಿಯಾರಿ ನೆಟ್‌ವರ್ಕ್ ಅಂತ ಇನ್ನೊಂದಿದೆ, ಬಲ ಮೇಲ್ಕೋಣೆಯಲ್ಲಿ ಜೇಡರ ಬಲೆಯಂಥ ಎಳೆಗಳು ತೂಗಾಡುತ್ತವೆ. 1897ರಲ್ಲೇ ವಿವರಿಸಿದ್ದಾರೆ. ಗರ್ಭದಲ್ಲಿದ್ದಾಗಿನ ಉಳಿಕೆ ಅಷ್ಟೇ. ಹೆಸರು ಕೇಳಿ ಜನ ಹೆದರುತ್ತಾರೆ.

ರಿಪೋರ್ಟ್ ಕೈಗೆ ಬಂದಾಗ ಹೆಸರಿಗಿಂತ ಮೊದಲು ಒಂದು ಪ್ರಶ್ನೆ ಕೇಳಿ: ಇದರಿಂದ ಹೃದಯದ ಯಾವುದಾದರೂ ಕೋಣೆ ದೊಡ್ಡದಾಗಿದೆಯಾ, ದಪ್ಪ ಆಗಿದೆಯಾ? ಇಲ್ಲ ಅಂದರೆ ಉಸಿರು ಬಿಡುವುದಕ್ಕೆ ಸಮಯ ಇದೆ. ಹೌದು ಅಂದರೆ, ಗುಲ್ಬರ್ಗದ ಅಣ್ಣನ ಮನೆಯಲ್ಲಿ ಆದ ಹಾಗೆ, ಕಾರಣ ಸಿಗುವವರೆಗೆ ಬಿಡಬೇಡಿ. ಈ ಪ್ರಶ್ನೆಗೆ ಎಲ್ಲವೂ ಸಿಕ್ಕುವುದಿಲ್ಲ, ಬೈಕಸ್ಪಿಡ್‌ನಲ್ಲಿ ಮಹಾಧಮನಿಯ ಅಳತೆ ಬೇರೆ ನೋಡಬೇಕು. ಆದರೆ ಶುರು ಮಾಡುವುದಕ್ಕೆ ಇದು ಸಾಕು. ಮಾವನಿಗೆ ಸಂತೆಗೆ ಹೋಗಲು ಹೇಳಿ.

ಜೆಲ್_ಬಾಟಲಿ

ಕೋಣೆ ದೊಡ್ಡದಾಗದೆಯೂ ನಮ್ಮ ಕೈಕಾಲು ನಡುಗಿಸಿದ್ದು ಒಂದು ಉಂಟು. ಕಣ್ಣಿನ ಪೊರೆ ಆಪರೇಷನ್ನಿಗೆ ಫಿಟ್‌ನೆಸ್ ಬೇಕು ಅಂತ ಒಬ್ಬರು ಅಜ್ಜಿ ಬಂದಿದ್ದರು. ಪ್ರೋಬ್ ಇಟ್ಟರೆ ಎಡ ಮೇಲ್ಕೋಣೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ, ನಡುಗೋಡೆಗೆ ಒಂದು ತೊಟ್ಟಿನಲ್ಲಿ ನೇತಾಡುತ್ತಿತ್ತು. ಪ್ರತಿ ಬಡಿತಕ್ಕೂ ಕವಾಟದ ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಿತ್ತು, ತೊಟ್ಟಿಲು ತೂಗಿದ ಹಾಗೆ. ಮಿಕ್ಸೋಮಾ. ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಇದು, ಕ್ಯಾನ್ಸರ್ ಅಲ್ಲ. ಆದರೆ ಒಂದು ಚೂರು ಕಿತ್ತು ಹೋದರೆ ಪಾರ್ಶ್ವವಾಯು. ಆವತ್ತು ನಾವು ಪಿಸುಗುಟ್ಟಲಿಲ್ಲ. ನೇರವಾಗಿ ಅಜ್ಜಿಯ ಮಗನನ್ನು ಒಳಗೆ ಕರೆದೆವು. ಅದೇ ವಾರ ಆಪರೇಷನ್ ಆಯಿತು. ಅಜ್ಜಿ ಕಣ್ಣಿನ ಆಪರೇಷನ್ನಿಗೆ ಮತ್ತೆ ಫಿಟ್‌ನೆಸ್ ಎಕೋ ಮಾಡಿಸಲು ನಮ್ಮ ಹತ್ತಿರವೇ ಬಂದರು.

ಲೆಕ್ಕದ_ಪುಸ್ತಕ

ನಡುವೆ ಬಂದೆ, ಕ್ಷಮಿಸಿ. ಹೀಗೆ ಸಿಕ್ಕಿದ್ದನ್ನು ಇನ್ಶೂರೆನ್ಸ್‌ನವರಿಗೆ ಹೇಳಬೇಕಾ?

ಜಿಮ್_ಬಿಟ್ಟವ

ಹೊಸ ಪಾಲಿಸಿ ಮಾಡುವಾಗ ಖಂಡಿತ ಹೇಳಿ. ಮುಚ್ಚಿಟ್ಟು ಆಮೇಲೆ ಕ್ಲೇಮ್ ಹಾಕಿದರೆ ಅದೇ ನೆಪಕ್ಕೆ ತಿರಸ್ಕರಿಸುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ ಮೂರು ವರ್ಷ. ಮೊದಲು ನಾಲ್ಕು ಇತ್ತು. ನನ್ನ ಪ್ರೀಮಿಯಂ ಏರಿಸಿದರು, ಬೈದುಕೊಂಡೇ ಕಟ್ಟುತ್ತಿದ್ದೇನೆ.

ಅರಸೀಕೆರೆ_ತೆಂಗು (ಒಂಬತ್ತು ದಿನದ ನಂತರ)

ಎಲ್ಲರಿಗೂ ಅಪ್‌ಡೇಟ್. ಇವತ್ತು ಟೆಸ್ಟ್ ಆಯಿತು.

ಮಲಗಿಸಿದರು. ನರ್ಸ್ ಬಂದವರೇ ಬಲಗೈ ಹಿಡಿದು ಪಟ್ಟಿ ಬಿಗಿದರು! ‘ಸಿಸ್ಟರ್, ಎಡಗೈಗೆ ಹಾಕಬೇಕಲ್ವಾ’ ಅಂದೆ. ‘ಬಲಗೈಯಲ್ಲಿ ನರ ಚೆನ್ನಾಗಿದೆ ಕಣಪ್ಪಾ’ ಅಂದರು. ನಾನು ಬಿಡಲಿಲ್ಲ. ಡಾಕ್ಟರ್ ಸ್ಕ್ರೀನಿನಿಂದ ತಿರುಗಿ ‘ಹೌದು ಸಿಸ್ಟರ್, ಇವರಿಗೆ ಎಡಗೈ’ ಅಂದರು. ಆಮೇಲೆ ನನ್ನ ಕಡೆ ನೋಡಿ ‘ಯಾರು ಹೇಳಿದರು ನಿಮಗೆ?’ ಅಂದರು. ರಾತ್ರಿ ಪಾಳಿಯವರು ಅಂತ ಹೇಳಿದರೆ ಅರ್ಥ ಆಗುವುದಿಲ್ಲ ಅಂತ ಸುಮ್ಮನೆ ನಕ್ಕೆ.

ಸ್ಕ್ರೀನನ್ನು ನನ್ನ ಕಡೆಯೂ ಸ್ವಲ್ಪ ತಿರುಗಿಸಿದರು. ಕಪ್ಪು ಕೋಣೆಗಳು ಬಡಿಯುತ್ತಿದ್ದವು. ಸಿರಿಂಜ್ ತಳ್ಳಿದರು. ಮೊದಲು ಹಿಂದಿದ್ದ ಆ ಗುಂಡನೆಯ ಸೈನಸ್ ಬೆಳ್ಳಗಾಯಿತು, ಕತ್ತಲಲ್ಲಿ ಅವಲಕ್ಕಿ ಚೆಲ್ಲಿದ ಹಾಗೆ. ಆಮೇಲೆ ಬಲ ಮೇಲ್ಕೋಣೆ. ಎಡಗಡೆ ಒಂದು ಚುಕ್ಕಿಯೂ ಇಲ್ಲ. ಬಲಗೈಗೂ ಒಂದು ಸಲ ಕೊಟ್ಟರು, ಅದು ಮಾಮೂಲಿ ದಾರಿಯಲ್ಲಿ ಬಂತು. ಅಂದರೆ ನನಗೆ ಎರಡೂ ಇವೆ, ಎರಡೂ ಸೇರಬೇಕಾದ ಕಡೆಯೇ ಸೇರುತ್ತಿವೆ. ಬೇರೆ ದೋಷ ಇಲ್ಲ. ಮಾತ್ರೆ ಇಲ್ಲ, ಪಥ್ಯ ಇಲ್ಲ. ಒಂದು ಚೀಟಿಯಲ್ಲಿ ಬರೆಸಿಕೊಂಡು ಪರ್ಸಿನಲ್ಲಿ ಆಧಾರ್ ಹಿಂದೆ ಇಟ್ಟಿದ್ದೇನೆ. ‘ಎಡ ಎಸ್‌ವಿಸಿ ಇದೆ. ಲೈನ್, ಪೇಸ್‌ಮೇಕರ್ ಬಲಗಡೆಯಿಂದ ಹಾಕಿ.’

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿ ಎಲ್ಲ ನಿಜ ಹೇಳಿದೆ. ಮೊದಲು ಸುಳ್ಳು ಹೇಳಿದ್ದಕ್ಕೆ ಬೈದರು. ಆಮೇಲೆ ಅರ್ಧ ನಿಮಿಷ ಸುಮ್ಮನಿದ್ದರು. ‘ಎಲ್ಲರಿಗೂ ಒಂದು ಇರೋದು ನಿನಗೆ ಎರಡು ಇದೆ ಅಂತ ತಾನೇ?’

‘ಹೂಂ ಅಮ್ಮ.’

‘ನಾನೇ ತಾನೇ ಹೆತ್ತಿದ್ದು. ಇರಲಿ ಬಿಡು, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ.’ ಸಂಜೆ ಹೊತ್ತಿಗೆ ಇಡೀ ಬೀದಿಗೆ ಹೇಳಿ ಆಗಿದೆ.

ಜೆಲ್_ಬಾಟಲಿ

ಸಾರ್, ಕ್ಲಿಪ್ ಏನಾದರೂ ಕೊಟ್ಟರಾ? ಅವಲಕ್ಕಿ ಚೆಲ್ಲುವುದನ್ನು ನಾವೂ ನೋಡೋಣ.